ದುಂಡನ್ನು ನೇರಕ್ಕೆ ತರುವ ಲೆಕ್ಕ

ಹತ್ತನೇ ತರಗತಿಯ ಉತ್ತರಪತ್ರಿಕೆ ತಿದ್ದುವಾಗ ಒಂದು ತಪ್ಪು ವರ್ಷ ವರ್ಷವೂ ಕೈಗೆ ಸಿಗುತ್ತದೆ. ಶಂಕುವಿನ ವಕ್ರ ಮೇಲ್ಮೈ ವಿಸ್ತೀರ್ಣ ಕೇಳಿದ್ದರೆ ‘ಪೈ ಆರ್ ಎಲ್’ ಬರೆಯುವ ಕಡೆ ‘ಪೈ ಆರ್ ಎಚ್’ ಬರೆದಿರುತ್ತಾರೆ. ಓರೆ ಎತ್ತರ ಇರಬೇಕಾದ ಜಾಗದಲ್ಲಿ ನೆಟ್ಟಗಿನ ಎತ್ತರ ಬಂದು ಕೂತಿರುತ್ತದೆ. ಸೂತ್ರ ಬಾಯಿಪಾಠ ಮಾಡಿಲ್ಲ ಅಂತ ಮಕ್ಕಳನ್ನು ಬೈಯುವುದು ಸುಲಭ. ಮೊದಮೊದಲು ನಾನೂ ಅದನ್ನೇ ಮಾಡಿದವನು. ಗೋಡೆಗೆ ದೊಡ್ಡ ಚಾರ್ಟ್ ಅಂಟಿಸಿ, ಎಲ್ಲ ಸೂತ್ರ ಬರೆದು, ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಗ್ಗಿಯ ಹಾಗೆ ಹೇಳಿಸಿದ್ದೆ. ಆ ವರ್ಷವೂ ಅದೇ ತಪ್ಪು ಬಂತು. ಸೂತ್ರವೇನೋ ಬಾಯಿಗೆ ಬಂದಿತ್ತು, ಯಾವ ಎತ್ತರ ಎಲ್ಲಿದೆ ಅನ್ನುವುದು ಕಣ್ಣಿಗೆ ಬಂದಿರಲಿಲ್ಲ.

ಯೋಚಿಸಿ ನೋಡಿದರೆ ಈ ಪಾಠಗಳ ತೊಡಕೆಲ್ಲ ಒಂದೇ ಕಡೆ ಇದೆ. ನಮ್ಮ ಅಳತೆಪಟ್ಟಿ ನೇರ. ವಿಸ್ತೀರ್ಣ ಅಳೆಯುವ ಚದರ ಸೆಂಟಿಮೀಟರ್ ಒಂದು ಚೌಕ, ಘನಫಲ ಅಳೆಯುವ ಘನ ಸೆಂಟಿಮೀಟರ್ ನೇರ ಅಂಚಿನ ಒಂದು ಪುಟ್ಟ ಡಬ್ಬಿ. ಇಂಥ ಸಾಮಾನು ಹಿಡಿದು ದುಂಡಾದದ್ದನ್ನು ಅಳೆಯಲು ಹೊರಟರೆ ಅಂಚಿನಲ್ಲಿ ಚೂರುಪಾರು ಉಳಿಯದೆ ಇರುವುದಿಲ್ಲ. ಹಾಗಾಗಿ ವೃತ್ತದಿಂದ ಗೋಳದವರೆಗೆ ಎಲ್ಲ ಪಾಠಗಳಲ್ಲೂ ನಡೆಯುವ ಕೆಲಸ ಒಂದೇ: ದುಂಡನ್ನು ಹೇಗಾದರೂ ಮಾಡಿ ನೇರಕ್ಕೆ ತರುವುದು. ಒಂದನ್ನು ಕೊಯ್ಯಬೇಕು, ಒಂದನ್ನು ಬಿಚ್ಚಬೇಕು, ಒಂದನ್ನು ಸುಲಿಯಬೇಕು. ಇದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಟ್ಟರೆ ಮುಂದಿನ ಪಾಠಗಳು ಒಂದೇ ಕಥೆಯ ಕಂತುಗಳಾಗುತ್ತವೆ.

ಮೊದಲು ವೃತ್ತದ ವಿಸ್ತೀರ್ಣ. ಕಾಗದದ ವೃತ್ತವನ್ನು ಹದಿನಾರು ಹೋಳು ಮಾಡಿ, ತಲೆಕೆಳಗಾಗಿ ಜೋಡಿಸಿ, ಆಯತ ಆಯಿತು ಅಂತ ತೋರಿಸುವುದು ವಾಡಿಕೆ. ಒಳ್ಳೆಯದೇ. ಆದರೆ ಅಂಚು ಡೊಂಕಾಗಿ ಉಳಿಯುತ್ತದೆ, ‘ಸರ್, ಇದು ಆಯತ ಎಲ್ಲಾಯ್ತು?’ ಅಂತ ಒಬ್ಬನಾದರೂ ಕೇಳುತ್ತಾನೆ. ನನಗೆ ಹಿಡಿಸಿದ್ದು ಹುರಿಯ ದಾರಿ. ಕೊಡ ಹೊರುವಾಗ ತಲೆ ಮೇಲೆ ಇಟ್ಟುಕೊಳ್ಳುವ ಸಿಂಬೆ ಗೊತ್ತಲ್ಲ? ಹಾಗೆ ಸೆಣಬಿನ ಹುರಿಯನ್ನು ಸುತ್ತಬೇಕು, ಆದರೆ ನಡುವೆ ತೂತು ಬಿಡದೆ, ಚಪ್ಪಟೆಯಾಗಿ, ಅಂಗೈ ಅಗಲದ ಬಿಲ್ಲೆಯಾಗಿ. ಅದನ್ನು ಮೇಜಿನ ಮೇಲಿಟ್ಟು ಅಂಚಿನಿಂದ ನಡುವಿನವರೆಗೆ ಒಂದೇ ಗೆರೆಯಲ್ಲಿ ಬ್ಲೇಡಿನಿಂದ ಕೊಯ್ದರೆ ಸುತ್ತುಗಳೆಲ್ಲ ಬಾಯಿ ಬಿಡುತ್ತವೆ. (ಬ್ಲೇಡು ನನ್ನ ಕೈಯಲ್ಲೇ ಇರುತ್ತದೆ.) ಒಂದೊಂದೇ ತುಂಡನ್ನು ನೇರ ಮಾಡಿ ಸಾಲಾಗಿ ಇಡಿ. ಎಲ್ಲಕ್ಕಿಂತ ಹೊರಗಿನ ಉದ್ದ ತುಂಡು ಕೆಳಗೆ, ಒಳಗಿನ ಮೋಟು ತುಂಡು ಮೇಲೆ. ನೋಡನೋಡುತ್ತ ಒಂದು ತ್ರಿಭುಜ ಏಳುತ್ತದೆ. ಅದರ ಪಾದ ವೃತ್ತದ ಪರಿಧಿಯಷ್ಟು, ಎತ್ತರ ತ್ರಿಜ್ಯದಷ್ಟು. ತ್ರಿಭುಜಕ್ಕೆ ಅರ್ಧ ಪಾದ ಗುಣಿಸು ಎತ್ತರ ಅನ್ನುವುದು ಮಕ್ಕಳಿಗೆ ಎಂದೋ ಗೊತ್ತು. ಪರಿಧಿ ಎಂದರೆ 2 × ಪೈ × ತ್ರಿಜ್ಯ. ಅದರ ಅರ್ಧವನ್ನು ತ್ರಿಜ್ಯದಿಂದ ಗುಣಿಸಿದರೆ ಪೈ × ತ್ರಿಜ್ಯದ ವರ್ಗ. ಹುರಿ ತೆಳ್ಳಗಾದಷ್ಟೂ ತ್ರಿಭುಜದ ಅಂಚು ನಯವಾಗುತ್ತದೆ.

ಈ ಪ್ರಯೋಗದ ಇನ್ನೊಂದು ಲಾಭ ಆಮೇಲೆ ಸಿಗುತ್ತದೆ. ವೃತ್ತದ ಬದಲು ಒಂದು ಹೋಳು ಮಾತ್ರ ಇದ್ದರೂ, ಅಂದರೆ ತ್ರಿಜ್ಯಾಂತರ ಖಂಡವಾದರೂ ಲೆಕ್ಕ ಅದೇ: ಅರ್ಧ × ಕಂಸದ (ಹೋಳಿನ ದುಂಡು ಅಂಚಿನ) ಉದ್ದ × ತ್ರಿಜ್ಯ. ಇದನ್ನು ಬೋರ್ಡಿನ ಮೂಲೆಯಲ್ಲಿ ಬರೆದು, ಅಳಿಸಬೇಡಿ ಅಂತ ಹೇಳಿರುತ್ತೇನೆ.

ಪೈ ಬಗ್ಗೆ ಎರಡು ಮಾತು. ‘ಪೈ = 22/7 ಎಂದು ತೆಗೆದುಕೊಳ್ಳಿ’ ಎನ್ನುವ ಸೂಚನೆಯನ್ನು ಓದಿ ಓದಿ, ಪೈ ಅಂದರೆ 22/7 ಅಂತಲೇ ಮಕ್ಕಳು ನಂಬಿಬಿಡುತ್ತಾರೆ. 22/7 ಅಂದರೆ 3.1428..., ಪೈ 3.1415... 7 ಮೀಟರ್ ಅಡ್ಡಗಲದ ಬಾವಿಗೆ ಕಟ್ಟೆ ಕಟ್ಟಿಸುವವರಿಗೆ ಈ ವ್ಯತ್ಯಾಸ 22 ಮೀಟರಿಗೆ ಸುಮಾರು 9 ಮಿಲಿಮೀಟರ್. ಗಾರೆಯವರು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ಆದರೂ ‘ಸಮ’ ಬೇರೆ, ‘ಹತ್ತಿರ’ ಬೇರೆ. 499ರಲ್ಲಿ ಆರ್ಯಭಟ 20,000 ವ್ಯಾಸಕ್ಕೆ 62,832 ಪರಿಧಿ ಅಂತ ಹೇಳುವಾಗ ‘ಆಸನ್ನ’ ಎಂಬ ಮಾತನ್ನು ಸೇರಿಸಿಯೇ ಹೇಳಿದ. ಹತ್ತಿರದ ಬೆಲೆ, ಅಷ್ಟೆ. ಭಾಗಿಸಿದರೆ 3.1416. ಆ ಒಂದು ಪದವನ್ನು ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ.

ಜ್ಯಾ (ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ನೇರ ಗೆರೆ) ಮತ್ತು ಕೇಂದ್ರದ ಪ್ರಮೇಯಗಳಿಗೆ ಒಡೆದ ಬಳೆಯಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ‘ಜ್ಯಾದ ಲಂಬಾರ್ಧಕ ಕೇಂದ್ರದ ಮೂಲಕ ಹಾದುಹೋಗುತ್ತದೆ’, ಅಂದರೆ ಜ್ಯಾವನ್ನು ಲಂಬವಾಗಿ ಎರಡು ಸಮಪಾಲು ಮಾಡುವ ಗೆರೆ ಕೇಂದ್ರದ ಮೇಲೆ ಹೋಗುತ್ತದೆ ಅನ್ನುವ ವಾಕ್ಯ ಪುಸ್ತಕದಲ್ಲಿ ಸತ್ತು ಬಿದ್ದಿರುತ್ತದೆ. ಒಂದು ಬಳೆಚೂರು ಕೊಟ್ಟು, ‘ಈ ಬಳೆ ಇಡಿಯಾಗಿದ್ದಾಗ ಎಷ್ಟು ದೊಡ್ಡದಿತ್ತು?’ ಅಂತ ಕೇಳಿದರೆ ಜೀವ ಬರುತ್ತದೆ. ಚೂರಿನ ಅಂಚನ್ನು ಹಾಳೆಯ ಮೇಲೆ ಗೀಚಿಕೊಂಡು, ಅದರಲ್ಲಿ ಎರಡು ಜ್ಯಾ ಎಳೆದು, ಎರಡಕ್ಕೂ ಲಂಬಾರ್ಧಕ ಎಳೆದರೆ ಅವು ಕೂಡುವಲ್ಲಿ ಕೇಂದ್ರ. ಕೈವಾರ ಇಟ್ಟು ತಿರುಗಿಸಿದಾಗ ಗೆರೆ ಚೂರಿನ ಮೇಲೆಯೇ ಹೋದರೆ ತರಗತಿಯಲ್ಲಿ ಒಂದು ಸದ್ದು ಏಳುತ್ತದೆ, ಅದಕ್ಕಾಗಿಯಾದರೂ ಮಾಡಿಸಬೇಕು.

ಲೆಕ್ಕದಲ್ಲೂ ಹಿಡಿಯಬಹುದು. ಚೂರಿನ ಎರಡು ತುದಿಗಳ ನಡುವೆ 4.8 ಸೆಂ.ಮೀ., ನಡುವಿನಲ್ಲಿ ಉಬ್ಬು 1.2 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಅರ್ಧ ಜ್ಯಾ 2.4, ಕೇಂದ್ರದಿಂದ ಜ್ಯಾಕ್ಕೆ ಇರುವ ದೂರ ತ್ರಿಜ್ಯಕ್ಕಿಂತ 1.2 ಕಡಿಮೆ. ಪೈಥಾಗೊರಸ್ ಪ್ರಮೇಯ ಹಾಕಿದರೆ ತ್ರಿಜ್ಯ ಸರಿಯಾಗಿ 3 ಬರುತ್ತದೆ, ವ್ಯಾಸ 6 ಸೆಂ.ಮೀ. ಒಮ್ಮೆ ಇಷ್ಟು ಬರೆದು ತಿರುಗುವುದರೊಳಗೆ ಮುಂದಿನ ಬೆಂಚಿನ ಹುಡುಗಿ, ‘ಹಾಗಾದ್ರೆ ಅದು ಎರಡು-ಆರರ ಬಳೆ ಸರ್’ ಅಂದಳು. ಬಳೆ ಅಂಗಡಿಯ ಅಳತೆ ನನಗೆ ಗೊತ್ತಿರಲಿಲ್ಲ. ಅವಳೇ ಬಿಡಿಸಿ ಹೇಳಿದಳು: ಎರಡು-ನಾಲ್ಕು ಅಂದರೆ 2.4 ಇಂಚಲ್ಲ, ಎರಡು ಇಂಚಿನ ಮೇಲೆ ಹದಿನಾರರಲ್ಲಿ ನಾಲ್ಕು ಪಾಲು, ಅಂದರೆ ಎರಡೂಕಾಲು. ಎರಡು-ಎಂಟು ಅಂದರೆ ಎರಡೂವರೆ. ಎರಡು-ಆರು 2.375 ಇಂಚು, ಸೆಂಟಿಮೀಟರಿನಲ್ಲಿ 6.03. ದಶಮಾಂಶದ ಚುಕ್ಕಿ ಎಲ್ಲ ಕಡೆಯೂ ಹತ್ತನೆಯ ಪಾಲನ್ನೇ ಹೇಳುವುದಿಲ್ಲ ಅನ್ನುವ ಪಾಠ ಆ ದಿನ ನನಗಾಯಿತು.

ಸ್ಪರ್ಶಕದ ಪ್ರಮೇಯಗಳು ಎರಡೇ, ಆದರೆ ಮೂರು ಅಂಕದ ಆಸೆಗೆ ಅದನ್ನು ಪದ್ಯದ ಹಾಗೆ ಉರು ಹೊಡೆಸುತ್ತಾರೆ. ಸ್ಪರ್ಶಕ ತ್ರಿಜ್ಯಕ್ಕೆ ಯಾಕೆ ಲಂಬ? ಸೈಕಲ್ ಚಕ್ರ ರಸ್ತೆಯ ಮೇಲೆ ನಿಂತಿದೆ ಅಂದುಕೊಳ್ಳಿ; ರಸ್ತೆಯೇ ಸ್ಪರ್ಶಕ. ಚಕ್ರ ರಸ್ತೆಯನ್ನು ಮುಟ್ಟುವುದು ಒಂದೇ ಬಿಂದುವಿನಲ್ಲಿ. ರಸ್ತೆಯ ಮಿಕ್ಕೆಲ್ಲ ಬಿಂದುಗಳೂ ಚಕ್ರದ ಹೊರಗಿವೆ, ಅಂದರೆ ಗುಂಬಕ್ಕೆ ತ್ರಿಜ್ಯಕ್ಕಿಂತ ಹೆಚ್ಚು ದೂರದಲ್ಲಿವೆ. ಹಾಗಾದರೆ ಮುಟ್ಟಿದ ಬಿಂದುವೇ ಎಲ್ಲಕ್ಕಿಂತ ಹತ್ತಿರದ್ದು. ಒಂದು ಬಿಂದುವಿನಿಂದ ಒಂದು ಗೆರೆಗೆ ಅತಿ ಹತ್ತಿರದ ದಾರಿ ಯಾವುದು? ಲಂಬವೇ. ಸಾಧನೆ ಮುಗಿಯಿತು, ಪುಸ್ತಕದಲ್ಲಿರುವುದೂ ಇದೇ, ಅಕ್ಷರಗಳ ನಡುವೆ ಅಡಗಿ ಕೂತಿದೆ.

ಎರಡನೆಯದು, ಬಾಹ್ಯ ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ. ಲಂಬ ಸಿಕ್ಕಿದ ಮೇಲೆ ಎರಡು ಲಂಬಕೋನ ತ್ರಿಭುಜ ತಾವಾಗಿಯೇ ಬರುತ್ತವೆ; ವಿಕರ್ಣ ಎರಡಕ್ಕೂ ಒಂದೇ, ತ್ರಿಜ್ಯಗಳು ಸಮ, ಹಾಗಾಗಿ ತ್ರಿಭುಜಗಳು ಸರ್ವಸಮ. ಇದನ್ನು ನಾನು ಅಲ್ಲಿಗೇ ಬಿಡುವುದಿಲ್ಲ. ಕೋನ್ ಐಸ್‌ಕ್ರೀಮಿನ ಉಂಡೆಯನ್ನು ನೆನೆಸಿಕೊಳ್ಳಲು ಹೇಳುತ್ತೇನೆ. ಕೋನಿನ ಚೂಪು ತುದಿ ಬಾಹ್ಯ ಬಿಂದು, ಉಂಡೆ ಗೋಳ. ತುದಿಯಿಂದ ಉಂಡೆಗೆ ಎರಡೇ ಸ್ಪರ್ಶಕವಲ್ಲ, ಸುತ್ತಲೂ ಲೆಕ್ಕವಿಲ್ಲದಷ್ಟು; ಎಲ್ಲವೂ ಒಂದೇ ಉದ್ದ. ಆದ್ದರಿಂದಲೇ ಉಂಡೆ ಕೋನನ್ನು ಮುಟ್ಟುವ ಗೆರೆ ಒಂದು ಅಚ್ಚುಕಟ್ಟಾದ ವೃತ್ತ. ಹಾಳೆಯ ಮೇಲಿನ ವೃತ್ತದಿಂದ ಘನಾಕೃತಿಗೆ ದಾಟಲು ಇದು ಒಳ್ಳೆಯ ಸಂಕ.

ಸಿಲಿಂಡರ್ ಸುಲಭ, ಹಾಳೆ ಸುತ್ತಿದರೆ ಆಯಿತು, ಬಿಚ್ಚಿದರೆ ಆಯತ. ಆದರೆ ಮೇಲ್ಮೈಗೂ ಘನಫಲಕ್ಕೂ ಇರುವ ವ್ಯತ್ಯಾಸವನ್ನು ಇಲ್ಲೇ ನಾಟಿಸಬೇಕು. ಎರಡು ಎ4 ಹಾಳೆ ತೆಗೆದುಕೊಳ್ಳಿ, 21 ಸೆಂ.ಮೀ.ಗೆ 29.7 ಸೆಂ.ಮೀ. ಒಂದನ್ನು ಉದ್ದಕ್ಕೆ ಕೊಳವೆಯ ಹಾಗೆ, ಇನ್ನೊಂದನ್ನು ಅಡ್ಡಕ್ಕೆ ಡಬ್ಬಿಯ ಹಾಗೆ ಸುತ್ತಿ. ಎರಡಕ್ಕೂ ಹಿಡಿದ ಕಾಗದ ಒಂದೇ. ಯಾವುದರಲ್ಲಿ ಹೆಚ್ಚು ಹಿಡಿಸುತ್ತದೆ? ಕೈ ಎತ್ತಿಸಿದರೆ ಬಹುಪಾಲು ಮಕ್ಕಳು ‘ಎರಡೂ ಒಂದೇ’ ಅನ್ನುತ್ತಾರೆ, ಇನ್ನು ಕೆಲವರು ಎತ್ತರದ್ದರಲ್ಲಿ ಹೆಚ್ಚು ಅನ್ನುತ್ತಾರೆ. ಡಬ್ಬಿಯನ್ನು ತಟ್ಟೆಯಲ್ಲಿಟ್ಟು ಅದರೊಳಗೆ ಕೊಳವೆ ನಿಲ್ಲಿಸಿ, ಕೊಳವೆಯ ತುಂಬ ಮಂಡಕ್ಕಿ ಸುರಿದು, ಕೊಳವೆಯನ್ನು ಮೆಲ್ಲಗೆ ಮೇಲಕ್ಕೆಳೆಯಿರಿ. ಮಂಡಕ್ಕಿ ಕುಸಿದು 21 ಸೆಂ.ಮೀ. ಎತ್ತರದ ಡಬ್ಬಿಯಲ್ಲಿ ಸುಮಾರು 15 ಸೆಂ.ಮೀ.ಗೆ ನಿಲ್ಲುತ್ತದೆ. 29.7ರ ಅರ್ಧ! ಎ4 ಹಾಳೆಯ ಉದ್ದ ಅಗಲದ ವರ್ಗಮೂಲ ಎರಡರಷ್ಟು. ಹಾಗಾಗಿ ಡಬ್ಬಿಯ ತ್ರಿಜ್ಯವೂ ಅಷ್ಟು ಪಟ್ಟು, ಪಾದದ ವಿಸ್ತೀರ್ಣ ಎರಡು ಪಟ್ಟು. ಘನಫಲದಲ್ಲಿ ತ್ರಿಜ್ಯ ವರ್ಗವಾಗಿ ಬರುತ್ತದೆ, ಎತ್ತರ ಹಾಗೇ ಬರುತ್ತದೆ ಅನ್ನುವುದನ್ನು ಮಂಡಕ್ಕಿಯೇ ಹೇಳಿತು. ಆಮೇಲೆ ಅದು ಉಳಿಯುವುದಿಲ್ಲ ಅಂತ ಬೇರೆ ಹೇಳಬೇಕಿಲ್ಲ.

ಈಗ ಆ ಶಂಕು. ಕಾಗದದ ಅರ್ಧವೃತ್ತ, ತ್ರಿಜ್ಯ 14 ಸೆಂ.ಮೀ. ನೇರ ಅಂಚುಗಳನ್ನು ಒಂದಕ್ಕೊಂದು ತಂದು ಅಂಟಿಸಿದರೆ ಕಡಲೆಕಾಯಿ ಮಾರುವವರ ಪೊಟ್ಟಣ. ಮಕ್ಕಳು ಎಡವುವ ಜಾಗ ಇಲ್ಲಿದೆ: ಹಾಳೆಯಲ್ಲಿದ್ದಾಗ ತ್ರಿಜ್ಯವಾಗಿದ್ದ 14, ಪೊಟ್ಟಣವಾದ ಮೇಲೆ ತ್ರಿಜ್ಯವಾಗಿ ಉಳಿಯುವುದಿಲ್ಲ. ಅದು ತುದಿಯಿಂದ ಅಂಚಿಗೆ ಜಾರುವ ಗೆರೆ, ಓರೆ ಎತ್ತರ. ಪೊಟ್ಟಣದ ಬಾಯಿಯ ಸುತ್ತಳತೆ ಹಾಳೆಯ ಕಂಸದ ಉದ್ದದಷ್ಟು, 44 ಸೆಂ.ಮೀ.; ಹಾಗಾಗಿ ಬಾಯಿಯ ತ್ರಿಜ್ಯ 7. ನೆಟ್ಟಗಿನ ಎತ್ತರ ಈ ಎರಡರಿಂದ ಹುಟ್ಟುತ್ತದೆ, 147ರ ವರ್ಗಮೂಲ, ಸುಮಾರು 12.1. ಬೋರ್ಡಿನ ಮೂಲೆಯಲ್ಲಿ ಉಳಿಸಿಕೊಂಡಿದ್ದ ಸೂತ್ರ ನೆನಪಿದೆಯೇ? ಅರ್ಧ × ಕಂಸ × ತ್ರಿಜ್ಯ. ಕಂಸದ ಜಾಗದಲ್ಲಿ ಶಂಕುವಿನ ಪಾದದ ಪರಿಧಿ, ತ್ರಿಜ್ಯದ ಜಾಗದಲ್ಲಿ ಓರೆ ಎತ್ತರ ಹಾಕಿ. ಪೈ ಆರ್ ಎಲ್. ನೆಟ್ಟಗಿನ ಎತ್ತರ ಗಾಳಿಯಲ್ಲಿದೆ, ಕಾಗದದ ಮೇಲೆ ಎಲ್ಲೂ ಇಲ್ಲ. ಕಾಗದದ ಲೆಕ್ಕಕ್ಕೆ ಅದು ಬರುವುದಾದರೂ ಹೇಗೆ?

ಘನಫಲಕ್ಕೆ ನೆಟ್ಟಗಿನ ಎತ್ತರವೇ ಬೇಕು, ಯಾಕೆಂದರೆ ಅಲ್ಲಿ ಅಳೆಯುವುದು ಒಳಗಿನ ಜಾಗ. ಅದೇ ಪಾದ, ಅದೇ ಎತ್ತರದ ಸಿಲಿಂಡರಿಗೆ ಶಂಕುವಿನಿಂದ ಮರಳು ಸುರಿದರೆ ಮೂರು ಸಲಕ್ಕೆ ತುಂಬುತ್ತದೆ. ಇದು ತೋರಿಸಿದ್ದೇ ಹೊರತು ಸಾಧಿಸಿದ್ದಲ್ಲ, ಅದನ್ನು ಮಕ್ಕಳಿಗೆ ಹೇಳಿಬಿಡಬೇಕು. ಯಾಕೆ ಮೂರೇ ಅಂತ ಕೇಳುವವರಿಗೆ ರಟ್ಟಿನಲ್ಲಿ ಮಾಡಿದ ಮೂರು ಒಂದೇ ತೆರನ ಪಿರಮಿಡ್ ಇಟ್ಟುಕೊಂಡಿದ್ದೇನೆ. ಮೂರನ್ನೂ ಸೇರಿಸಿದರೆ ಒಂದು ಘನ ಆಗುತ್ತದೆ. ಪಿರಮಿಡ್ಡಿನ ಮಾತು ಶಂಕುವಿಗೂ ಸಲ್ಲುವುದು ಅಡ್ಡ ಕೊಯ್ದ ಬಿಲ್ಲೆಗಳಿಂದ: ಎರಡರಲ್ಲೂ ಬಿಲ್ಲೆ ಒಂದೇ ಪ್ರಮಾಣದಲ್ಲಿ ಕಿರಿದಾಗುತ್ತ ಹೋಗುತ್ತದೆ.

ಕಣದಲ್ಲಿ ರಾಗಿ ರಾಶಿ ನೋಡಿದ ಮಕ್ಕಳಿಗೆ ಶಂಕು ಹೊಸತಲ್ಲ. ಆದರೆ ರಾಶಿಯನ್ನು ಅಳೆಯುವುದು ಹೇಗೆ? ಕೇಂದ್ರ ರಾಶಿಯ ಹೊಟ್ಟೆಯೊಳಗಿದೆ, ಪಟ್ಟಿ ತೂರಿಸಿ ತ್ರಿಜ್ಯ ಹಿಡಿಯಲಾಗದು. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಇದಕ್ಕೆ ಹಗ್ಗದ ಉಪಾಯ ಕೊಟ್ಟಿದ್ದಾರೆ. ಸುತ್ತಳತೆಯನ್ನು 6ರಿಂದ ಭಾಗಿಸು, ವರ್ಗ ಮಾಡು, ಎತ್ತರದಿಂದ ಗುಣಿಸು. ಎತ್ತರವನ್ನೂ ಅಳೆಯಬೇಕಿಲ್ಲ: ದಪ್ಪ ಕಾಳಾದರೆ ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಾದರೆ ಹನ್ನೊಂದನೇ ಒಂದು, ಮುಳ್ಳಿರುವ ಧಾನ್ಯವಾದರೆ ಒಂಬತ್ತನೇ ಒಂದು. ಸಣ್ಣ ನುಣುಪು ಕಾಳು ಜಾರಿ ಹರಡುತ್ತದೆ, ಮುಳ್ಳಿನ ಧಾನ್ಯ ಒಂದಕ್ಕೊಂದು ಸಿಕ್ಕಿಕೊಂಡು ಕಡಿದಾಗಿ ನಿಲ್ಲುತ್ತದೆ. ಹನ್ನೊಂದನೇ ಒಂದು ಎಂದರೆ ಇಳಿಜಾರು ಸುಮಾರು 30 ಡಿಗ್ರಿ.

ಸುತ್ತಳತೆ 22 ಅಡಿಯ ರಾಗಿ ರಾಶಿಗೆ ಎರಡೂ ರೀತಿ ಮಾಡಿಸಿ ನೋಡಿ. ಎತ್ತರ 2 ಅಡಿ. ನಮ್ಮ ಸೂತ್ರದಲ್ಲಿ ತ್ರಿಜ್ಯ 3.5 ಅಡಿ, ಘನಫಲ 25.67 ಘನ ಅಡಿ. ಹಗ್ಗದ ಲೆಕ್ಕದಲ್ಲಿ 26.89. ಈ ಹೆಚ್ಚುವರಿ ಎಲ್ಲಿಂದ ಬಂತು ಅಂತ ಹುಡುಕಲು ಬಿಟ್ಟರೆ ಅರ್ಧ ಗಂಟೆಯ ಒಳ್ಳೆಯ ಕೆಲಸ. ಉತ್ತರ: ಪೈ ಜಾಗದಲ್ಲಿ 3 ಇಟ್ಟರೆ ಹಳೆಯ ಸೂತ್ರ ಹಾಗೇ ಬಂದುಬಿಡುತ್ತದೆ. ಪೈಗೆ ಇನ್ನೂ ಸೂಕ್ಷ್ಮವಾದ ಬೆಲೆ ಅದೇ ಗ್ರಂಥದಲ್ಲಿದೆ. ಕಣದಲ್ಲಿ ನಿಂತವರಿಗೆ ಮನಸ್ಸಿನಲ್ಲೇ ಮಾಡುವ ಲೆಕ್ಕ ಬೇಕಿತ್ತು. ಗೋಡೆಗೆ ಒರಗಿದ ರಾಶಿಗೆ ಸುತ್ತಳತೆಯನ್ನು 2ರಿಂದ, ಮೂಲೆಯೊಳಗಿನದಕ್ಕೆ 4ರಿಂದ ಗುಣಿಸಿ ಲೆಕ್ಕ ಮಾಡಿ, ಬಂದದ್ದನ್ನು ಅದೇ ಸಂಖ್ಯೆಯಿಂದ ಭಾಗಿಸಬೇಕು ಅಂತಲೂ ಇದೆ. ಮನೆಯ ಹೊರಮೂಲೆಗೆ ಸುರಿದ ರಾಶಿಗೆ ಯಾವ ಸಂಖ್ಯೆ? ಅದನ್ನು ಮನೆಗೆಲಸಕ್ಕೆ ಕೊಡುತ್ತೇನೆ.

ಗೋಳದ ಹತ್ತಿರ ಬಂದಾಗ ನಮ್ಮ ಉಪಾಯ ಕೈಕೊಡುತ್ತದೆ. ಸಿಲಿಂಡರ್ ಬಿಚ್ಚಿತು, ಶಂಕು ಬಿಚ್ಚಿತು, ಗೋಳ ಬಿಚ್ಚುವುದಿಲ್ಲ. ಕಿತ್ತಳೆ ಸಿಪ್ಪೆಯನ್ನು ಎಷ್ಟೇ ಒತ್ತಿದರೂ ಹರಿಯದೆ ಚಪ್ಪಟೆಯಾಗದು. ಹಾಗಿದ್ದರೆ ಹರಿಯಲಿ ಬಿಡಿ. ಕಿತ್ತಳೆಯನ್ನು ನಡುವೆ ಕೊಯ್ದು, ಆ ಕೊಯ್ದ ಮುಖದ ಸುತ್ತ ಹಾಳೆಯ ಮೇಲೆ ಗೆರೆ ಎಳೆದು, ಅಂಥವೇ ಒಂದೈದು ವೃತ್ತ ಬರೆದುಕೊಳ್ಳಿ. ಸಿಪ್ಪೆಯನ್ನು ಚಿಕ್ಕ ಚಿಕ್ಕ ಚೂರು ಮಾಡಿ ವೃತ್ತಗಳನ್ನು ತುಂಬುತ್ತ ಬನ್ನಿ. ನಾಲ್ಕು ತುಂಬುವಷ್ಟಕ್ಕೆ ಸಿಪ್ಪೆ ಮುಗಿಯುತ್ತದೆ, ಐದನೆಯದು ಖಾಲಿ ಉಳಿಯುತ್ತದೆ. ಗೋಳದ ಮೇಲ್ಮೈ 4 × ಪೈ × ತ್ರಿಜ್ಯದ ವರ್ಗ. ಭಾಸ್ಕರಾಚಾರ್ಯರೂ ಇದನ್ನೇ ವೃತ್ತದ ವಿಸ್ತೀರ್ಣದ ನಾಲ್ಕು ಪಟ್ಟು ಎಂದು ಹೇಳಿ, ಚೆಂಡಿನ ಸುತ್ತ ಹೆಣೆದ ಬಲೆಯ ಹಾಗೆ ಎಂದು ಸೇರಿಸುತ್ತಾರೆ.

ಘನಫಲಕ್ಕೆ ಗೋಳದ ಮೇಲ್ಮೈಯನ್ನು ಸಾಸಿವೆಯಷ್ಟು ಸಣ್ಣ ಚೌಕಗಳಾಗಿ ಗುರುತು ಮಾಡಿದಂತೆ ಊಹಿಸಿ. ಪ್ರತಿ ಚೌಕದಿಂದ ಕೇಂದ್ರಕ್ಕೆ ಒಂದು ಚೂಪು ಪಿರಮಿಡ್. ಎಲ್ಲದರ ಎತ್ತರವೂ ತ್ರಿಜ್ಯದಷ್ಟು, ಎಲ್ಲ ಪಾದಗಳೂ ಸೇರಿದರೆ ಇಡೀ ಮೇಲ್ಮೈ. ಪಿರಮಿಡ್ಡಿಗೆ ಮೂರನೇ ಒಂದು ಅನ್ನುವುದು ಗೊತ್ತೇ ಇದೆ. ಮೂರನೇ ಒಂದು × 4 ಪೈ ತ್ರಿಜ್ಯದ ವರ್ಗ × ತ್ರಿಜ್ಯ. ಆ 4/3 ಅನ್ನುವ ವಿಚಿತ್ರ ಭಿನ್ನರಾಶಿಯಲ್ಲಿ 4 ಕಿತ್ತಳೆಯಿಂದ ಬಂದದ್ದು, 3 ಶಂಕುವಿನಿಂದ ಬಂದದ್ದು.

ಇದು ಒಂದೇ ಏಟಿಗೆ ದಕ್ಕಿದ ಸೂತ್ರವಲ್ಲ. ಪೈಯನ್ನು ಅಷ್ಟು ಚೆನ್ನಾಗಿ ಹಿಡಿದ ಆರ್ಯಭಟ ಗೋಳದ ಘನಫಲಕ್ಕೆ ವೃತ್ತದ ವಿಸ್ತೀರ್ಣವನ್ನು ಅದರದೇ ವರ್ಗಮೂಲದಿಂದ ಗುಣಿಸಿದ. ಉತ್ತರ ಮೂರನೇ ಒಂದರಷ್ಟು ಹೆಚ್ಚಾಯಿತು. ನಮ್ಮ ನೆಲದಲ್ಲೇ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯರು ಎರಡು ಸೂತ್ರ ಕೊಟ್ಟರು. ವ್ಯವಹಾರಕ್ಕೆ ತ್ರಿಜ್ಯದ ಘನದ 4.5 ಪಟ್ಟು, ಸೂಕ್ಷ್ಮವಾಗಿ ಬೇಕಾದರೆ ಅದರ ಹತ್ತರಲ್ಲಿ ಒಂಬತ್ತು, ಅಂದರೆ 4.05 ಪಟ್ಟು. ನಿಜವಾದದ್ದು ಸುಮಾರು 4.19. ಅವರಿಗಿಂತ ಸಾವಿರ ವರ್ಷ ಹಿಂದೆಯೇ ಸಿಸಿಲಿಯ ಸಿರಾಕ್ಯೂಸಿನಲ್ಲಿ ಆರ್ಕಿಮಿಡೀಸ್ ಗೋಳ ತನ್ನನ್ನು ಸರಿಯಾಗಿ ಹಿಡಿಸುವ ಸಿಲಿಂಡರಿನ ಮೂರನೇ ಎರಡು ಭಾಗ ಎಂದು ಸಾಧಿಸಿದ್ದ. ಆ ಚಿತ್ರವನ್ನೇ ಅವನ ಸಮಾಧಿಯ ಮೇಲೆ ಕೆತ್ತಿದ್ದರು. ಈ ಕಥೆ ಹೇಳಿದ ದಿನ, ಸೂತ್ರ ತಪ್ಪಿದ ಮಕ್ಕಳ ಮುಖ ಸ್ವಲ್ಪ ಸಡಿಲವಾಗುತ್ತದೆ.

ಆರ್ಕಿಮಿಡೀಸನ ಮಾತನ್ನು ಮೊದಲ ಸಲ ತೋರಿಸಲು ಹೋದಾಗ ನಾನು ನೀರು ತುಂಬಿದ ಡಬ್ಬಿಗೆ ಪ್ಲಾಸ್ಟಿಕ್ ಚೆಂಡು ಹಾಕಿದೆ. ಅದು ತೇಲಿತು. ತರಗತಿಯೆಲ್ಲ ನಕ್ಕಿತು, ಪಾಠ ವಿಜ್ಞಾನದ ಕಡೆ ಹೊರಟುಹೋಯಿತು. ಈಗ ಗಣೇಶನ ಮೂರ್ತಿ ಮಾಡುವ ಜೇಡಿಮಣ್ಣು ತರುತ್ತೇನೆ. ಪಿವಿಸಿ ಪೈಪನ್ನು ಅದರ ಒಳವ್ಯಾಸದಷ್ಟೇ ಎತ್ತರಕ್ಕೆ ಕೊಯ್ದು, ಒಳಗೆ ಸರಿಯಾಗಿ ಹಿಡಿಸುವ ಮಣ್ಣಿನ ಉಂಡೆ ಕಟ್ಟಿ, ಅದನ್ನು ಅಲ್ಲೇ ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿಸುತ್ತೇನೆ. ಪೈಪಿನ ಎತ್ತರವನ್ನು ಮೂರು ಪಾಲು ಮಾಡಿ ಗೆರೆ ಹಾಕಿಟ್ಟಿದ್ದರೆ ಮಣ್ಣು ಎರಡನೇ ಗೆರೆಗೆ ಬಂದು ನಿಲ್ಲುತ್ತದೆ.

ಇನ್ನು ಉಳಿದದ್ದು ಜೋಡಿಸಿದ ಘನಾಕೃತಿಗಳು: ಅರ್ಧಗೋಳದ ಮೇಲೆ ಶಂಕು, ಸಿಲಿಂಡರಿನ ಮೇಲೆ ಗುಡಾರ. ಎರಡರ ಪೂರ್ಣ ಮೇಲ್ಮೈಯನ್ನೂ ಕೂಡಿಸಿಬಿಡುವುದು ಇಲ್ಲಿನ ಮಾಮೂಲಿ ತಪ್ಪು. ಬಣ್ಣ ಬಳಿಯುವ ಬ್ರಷ್ ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಸಾಕು. ಅಂಟಿಕೊಂಡ ಮುಖಕ್ಕೆ ಬ್ರಷ್ ಹೋಗುವುದಿಲ್ಲ, ಅದನ್ನು ಬಿಡಿ. ಘನಫಲಕ್ಕೆ ಈ ಪಂಚಾಯಿತಿಯೇ ಇಲ್ಲ, ಸುಮ್ಮನೆ ಕೂಡಿಸಿದರಾಯಿತು.

ಹತ್ತನೇ ತರಗತಿಯ ಪುಸ್ತಕದಲ್ಲಿ ಗುಲಾಬ್ ಜಾಮೂನಿನ ಒಂದು ಲೆಕ್ಕವಿದೆ. ಎರಡೂ ತುದಿ ಅರ್ಧಗೋಳ, ನಡುವೆ ಸಿಲಿಂಡರ್. ಉದ್ದ 5 ಸೆಂ.ಮೀ., ವ್ಯಾಸ 2.8 ಸೆಂ.ಮೀ., ಘನಫಲದ 30 ಶೇಕಡ ಪಾಕ, ಅಂಥ 45 ಜಾಮೂನು. ಸಿಲಿಂಡರಿನ ಉದ್ದಕ್ಕೆ 5 ಹಾಕುವುದು ಇಲ್ಲಿನ ಬಲೆ. ಎರಡು ತುದಿಯಿಂದ 1.4, 1.4 ಕಳೆದರೆ ಉಳಿಯುವುದು 2.2. ಒಂದರ ಘನಫಲ ಸುಮಾರು 25 ಘನ ಸೆಂ.ಮೀ., ಪಾಕ ಎಲ್ಲ ಸೇರಿ ಸುಮಾರು 338. ಹೋದ ವರ್ಷ ಇದನ್ನು ಬಿಡಿಸಿ ಮುಗಿಸುವಾಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು.

‘ಸರ್, ನಮ್ಮನೇಲಿ ಉಂಡೆ ಮಾಡ್ತಾರೆ. ಅದಕ್ಕೆ ಒಂದೇ ಸೂತ್ರ ಸಾಕಲ್ವಾ?’

‘ಸಾಕು ಕಣಮ್ಮ. ವ್ಯಾಸ ಅಳೆದುಕೊಂಡು ಬಾ.’

‘ವ್ಯಾಸ ಯಾಕೆ ಸರ್, ಜಾಮೂನೇ ತರ್ತೀನಿ’ ಅಂದಳು. ತಂದಳು. ಅಳೆಯಲು ದಾರ ಹುಡುಕುವಷ್ಟರಲ್ಲಿ ಡಬ್ಬಿ ಖಾಲಿಯಾಗಿತ್ತು.